ದಂಡ ಕಟ್ಟುವ ಮುನ್ನ: ಕ್ಯಾಲಿಫೋರ್ನಿಯಾದ ಟ್ರಾಫಿಕ್ ಪಾಯಿಂಟುಗಳು ಮತ್ತು ನಿಮ್ಮ ಲೈಸೆನ್ಸು

ಬೆಂಗಳೂರಿನಲ್ಲಿ ವಾಹನ ಓಡಿಸಿ ಅಭ್ಯಾಸವಾದ ನಮ್ಮಂಥವರ ಮನಸ್ಸಿನಲ್ಲಿ ಸಂಚಾರ ದಂಡವೆಂದರೆ ಒಂದು ಬಾಕಿ ಮೊತ್ತ ಅಷ್ಟೆ. ಚಲನ್ ಬರುತ್ತದೆ, ಕಟ್ಟುತ್ತೇವೆ. ಇಲ್ಲವೇ 2023ರ ಫೆಬ್ರುವರಿಯಲ್ಲಿ ಆದಂತೆ ಸರ್ಕಾರ ಅರ್ಧ ದಂಡ ಮನ್ನಾ ಮಾಡುವವರೆಗೆ ಕಾಯುತ್ತೇವೆ. ಗಂಭೀರ ತಪ್ಪಿಗೆ ಲೈಸೆನ್ಸನ್ನು ಅಮಾನತು ಮಾಡುವ ಅಧಿಕಾರ ನಮ್ಮ ಮೋಟಾರು ವಾಹನ ಕಾಯ್ದೆಯಲ್ಲೂ ಇದೆಯಾದರೂ, ದಿನನಿತ್ಯದ ಸಣ್ಣ ತಪ್ಪುಗಳು ರಸೀದಿಯೊಂದಿಗೆ ಮುಗಿದುಹೋಗುತ್ತವೆ ಎಂಬುದೇ ನಾವು ಕಂಡುಕೊಂಡ ಅನುಭವ. ಈ ಅನುಭವವನ್ನು ಹಾಗೆಯೇ ಹೊತ್ತುಕೊಂಡು ಕ್ಯಾಲಿಫೋರ್ನಿಯಾಕ್ಕೆ ಬಂದವರು ಮೊದಲ ಟಿಕೆಟಿನಲ್ಲೇ ಎಡವುತ್ತಾರೆ. ಇಲ್ಲಿ ದಂಡ ಕಟ್ಟುವುದೆಂದರೆ ತಪ್ಪೊಪ್ಪಿಗೆ. ಹಣ ಸಂದಾಯವಾದ ಕ್ಷಣದಿಂದ ನ್ಯಾಯಾಲಯ ಅದನ್ನು ಅಪರಾಧ ನಿರ್ಣಯವೆಂದು ದಾಖಲಿಸಿ, ರಾಜ್ಯದ ವಾಹನ ಇಲಾಖೆಯಾದ ಡಿಎಂವಿಗೆ ಕಳುಹಿಸುತ್ತದೆ. ಡಿಎಂವಿ ನಿಮ್ಮ ಹೆಸರಿನ ಮುಂದೆ ಪಾಯಿಂಟ್, ಅಂದರೆ ತಪ್ಪಿನ ಅಂಕ, ಬರೆಯುತ್ತದೆ.

ನನಗೆ ಆದದ್ದೂ ಇದೇ. ಮನೆಯ ಹತ್ತಿರದ ಸ್ಟಾಪ್ ಫಲಕದ ಬಳಿ ವೇಗ ತಗ್ಗಿಸಿದೆನೇ ಹೊರತು ಚಕ್ರ ಪೂರ್ತಿ ನಿಲ್ಲಲಿಲ್ಲ. ಪೊಲೀಸ್ ಅಧಿಕಾರಿ ಸೌಜನ್ಯದಿಂದಲೇ ಟಿಕೆಟ್ ಕೊಟ್ಟರು. ನ್ಯಾಯಾಲಯದ ಪತ್ರ ಬಂದ ಸಂಜೆಯೇ, ಋಣ ಉಳಿಸಿಕೊಳ್ಳಬಾರದೆಂಬ ಒಳ್ಳೆಯ ಬುದ್ಧಿಯಿಂದ, ಪತ್ರದ ಹಿಂಬದಿಯನ್ನು ಓದದೆ ಕಾರ್ಡಿನಿಂದ ಹಣ ಕಟ್ಟಿದೆ. ಟ್ರಾಫಿಕ್ ಸ್ಕೂಲಿಗೆ ಹೋಗಿ ಆ ಪಾಯಿಂಟನ್ನು ತಪ್ಪಿಸಿಕೊಳ್ಳುವ ಅವಕಾಶ ಅದೇ ಹಿಂಬದಿಯಲ್ಲಿ ಅಚ್ಚಾಗಿತ್ತು. ವಿಮೆಯ ನವೀಕರಣದ ಪತ್ರ ಬಂದಾಗ ಮಾತ್ರ ನಾನು ಏನು ಕಳೆದುಕೊಂಡೆನೆಂದು ತಿಳಿಯಿತು. ಈ ಬರಹವನ್ನು ಟಿಕೆಟ್ ಕೈಯಲ್ಲಿ ಹಿಡಿದು ಕುಳಿತವರಿಗಾಗಿ ಬರೆಯುತ್ತಿದ್ದೇನೆ. ಆದ್ದರಿಂದ ಮೊದಲ ಸೂಚನೆ ಇಷ್ಟೇ: ಕೆಳಗಿನದನ್ನು ಓದಿ ಮುಗಿಸುವವರೆಗೆ ಹಣ ಕಟ್ಟಬೇಡಿ.

ಯಾವುದಕ್ಕೆ ಎಷ್ಟು ಪಾಯಿಂಟ್

ಕ್ಯಾಲಿಫೋರ್ನಿಯಾದ ಲೆಕ್ಕ ಸರಳವಾದದ್ದು. ಚಲಿಸುವ ವಾಹನದಿಂದ ಆಗುವ ಬಹುಪಾಲು ಸಾಮಾನ್ಯ ತಪ್ಪುಗಳಿಗೆ ಒಂದು ಪಾಯಿಂಟ್: ವೇಗಮಿತಿ ಮೀರುವುದು, ಕೆಂಪು ದೀಪ ದಾಟುವುದು, ಸ್ಟಾಪ್ ಫಲಕದಲ್ಲಿ ನಿಲ್ಲದಿರುವುದು, ಅಪಾಯಕರವಾಗಿ ಲೇನ್ ಬದಲಿಸುವುದು. ನಿಮ್ಮ ತಪ್ಪಿನಿಂದ ಅಪಘಾತವಾಯಿತೆಂದು ಡಿಎಂವಿ ತೀರ್ಮಾನಿಸಿದರೆ, ಯಾವ ಟಿಕೆಟೂ ಇಲ್ಲದಿದ್ದರೂ ಅದಕ್ಕೊಂದು ಪಾಯಿಂಟ್ ಬೀಳುತ್ತದೆ. ಕುಡಿದು ವಾಹನ ಚಲಾಯಿಸುವುದು, ಅಪಘಾತ ಮಾಡಿ ನಿಲ್ಲದೆ ಹೋಗುವುದು, ಅಜಾಗರೂಕ ಚಾಲನೆ, ಗಂಟೆಗೆ 100 ಮೈಲಿಗಿಂತ ಹೆಚ್ಚಿನ ವೇಗ, ಅಮಾನತಾದ ಲೈಸೆನ್ಸಿನಲ್ಲಿ ವಾಹನ ಓಡಿಸುವುದು, ಇಂಥವುಗಳಿಗೆ ಎರಡು ಪಾಯಿಂಟ್.

ನಿಲುಗಡೆಯ ಟಿಕೆಟಿಗೆ ಪಾಯಿಂಟ್ ಇಲ್ಲ. ವಯಸ್ಕರು ಸೀಟ್ ಬೆಲ್ಟ್ ಹಾಕದಿದ್ದರೆ ದಂಡವಿದೆ, ಪಾಯಿಂಟ್ ಇಲ್ಲ. ಒಡೆದ ದೀಪದಂಥ ದೋಷಗಳಿಗೆ ಸರಿಪಡಿಸುವ ಟಿಕೆಟ್ ಕೊಡುತ್ತಾರೆ. ದುರಸ್ತಿ ಮಾಡಿಸಿ, ಅಧಿಕೃತ ವ್ಯಕ್ತಿಯಿಂದ ಸಹಿ ಪಡೆದು, ನ್ಯಾಯಾಲಯಕ್ಕೆ 25 ಡಾಲರ್ ಶುಲ್ಕದೊಂದಿಗೆ ಒಪ್ಪಿಸಿದರೆ ಅದು ವಜಾ ಆಗುತ್ತದೆ. ಕೈಯಲ್ಲಿ ಫೋನ್ ಹಿಡಿದು ಓಡಿಸುವುದು ಬಹುಕಾಲ ದಂಡದಲ್ಲೇ ಮುಗಿಯುತ್ತಿತ್ತು. 2021ರ ಜುಲೈ 1ರಿಂದ ನಿಯಮ ಬಿಗಿಯಾಗಿದ್ದು, ಮೊದಲ ಬಾರಿಯ ನಂತರದ 36 ತಿಂಗಳೊಳಗೆ ಮತ್ತೆ ಸಿಕ್ಕಿಬಿದ್ದರೆ ಪಾಯಿಂಟ್ ಸೇರುತ್ತದೆ. ದಾರಿ ನೋಡುವುದಕ್ಕಾಗಿ ಫೋನನ್ನು ಕೈಯಲ್ಲಿ ಹಿಡಿದರೂ ಅದು ತಪ್ಪೇ ಎಂದು ರಾಜ್ಯದ ಮೇಲ್ಮನವಿ ನ್ಯಾಯಾಲಯವೊಂದು 2025ರಲ್ಲಿ ಸ್ಪಷ್ಟಪಡಿಸಿದೆ. ಹಾಗಾಗಿ ಡ್ಯಾಶ್‌ಬೋರ್ಡಿನ ಮೇಲೆ ಫೋನ್ ಇಡಲು ಒಂದು ಹಿಡಿಕೆಯನ್ನು ಇವತ್ತೇ ತಂದಿಟ್ಟುಕೊಳ್ಳುವುದು ಲೇಸು.

ಒಂದೇ ಬಾರಿ ತಡೆದು ನಿಲ್ಲಿಸಿದಾಗ ಒಂದೇ ಟಿಕೆಟಿನಲ್ಲಿ ಎರಡು ಮೂರು ತಪ್ಪುಗಳನ್ನು ಬರೆದಿದ್ದರೂ ಪಾಯಿಂಟಿನ ಲೆಕ್ಕಕ್ಕೆ ಅವುಗಳಲ್ಲಿ ಒಂದನ್ನು ಮಾತ್ರ ಹಿಡಿಯಬೇಕೆಂಬುದು ಕಾನೂನು. ದಂಡ ಪ್ರತಿಯೊಂದಕ್ಕೂ ಬೀಳಬಹುದು.

ಟಿಕೆಟ್ ಕೈಗೆ ಬಂದ ದಿನ

ರಸ್ತೆಯ ಬದಿಯಲ್ಲಿ ಅಧಿಕಾರಿ ಸಹಿ ಕೇಳಿದಾಗ ಹಾಕಿ. ಅದು ತಪ್ಪೊಪ್ಪಿಗೆಯಲ್ಲ, ನಿಗದಿತ ದಿನದೊಳಗೆ ನ್ಯಾಯಾಲಯಕ್ಕೆ ಉತ್ತರಿಸುತ್ತೇನೆಂಬ ವಾಗ್ದಾನ ಮಾತ್ರ. ಸಹಿ ಹಾಕಲು ನಿರಾಕರಿಸಿದರೆ ಬಂಧಿಸುವ ಅಧಿಕಾರ ಅವರಿಗಿದೆ. ಅಲ್ಲಿ ವಾದ ಬೇಡ, ವಿವರಣೆಯೂ ಬೇಡ. ಅವಸರದಲ್ಲಿದ್ದೆ, ವೇಗ ಗಮನಿಸಲಿಲ್ಲ ಎಂದು ವಿನಯದಿಂದ ಹೇಳಿದ ಮಾತನ್ನು ಅಧಿಕಾರಿ ತಮ್ಮ ಟಿಪ್ಪಣಿಯಲ್ಲಿ ಬರೆದುಕೊಳ್ಳಬಹುದು, ಮುಂದೆ ಅದೇ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ. ನಮ್ಮ ಕಡೆಯವರು ಭಯಕ್ಕೋ ಮರ್ಯಾದೆಗೋ ಬಹಳ ಮಾತನಾಡಿಬಿಡುತ್ತಾರೆ.

ಮನೆಗೆ ಬಂದ ಮೇಲೆ ಟಿಕೆಟಿನ ಕೆಳಭಾಗದಲ್ಲಿರುವ ದಿನಾಂಕವನ್ನೂ ನ್ಯಾಯಾಲಯದ ಹೆಸರನ್ನೂ ಬರೆದಿಟ್ಟುಕೊಳ್ಳಿ. ಕೆಲವು ವಾರಗಳಲ್ಲಿ ದಂಡದ ಮೊತ್ತ ಮತ್ತು ಆಯ್ಕೆಗಳನ್ನು ತಿಳಿಸುವ ಪತ್ರ ಸಾಮಾನ್ಯವಾಗಿ ಬರುತ್ತದೆ. ಅದು ಬರದಿದ್ದರೂ ನಿಮ್ಮ ಗಡುವು ನಿಲ್ಲುವುದಿಲ್ಲ, ಆದ್ದರಿಂದ ಆ ಕೌಂಟಿಯ ನ್ಯಾಯಾಲಯದ ಜಾಲತಾಣದಲ್ಲಿ ಟಿಕೆಟ್ ಸಂಖ್ಯೆಯನ್ನು ಹಾಕಿ ನೋಡುತ್ತಿರಿ. ಬಾಡಿಗೆ ಮನೆ ಬದಲಿಸುತ್ತಲೇ ಇರುವ ನಮ್ಮವರಿಗೆ ಇನ್ನೊಂದು ಮಾತು: ವಿಳಾಸ ಬದಲಾದರೆ 10 ದಿನಗಳೊಳಗೆ ಡಿಎಂವಿಗೆ ತಿಳಿಸಬೇಕು. ಮುಂದೆ ಹೇಳಲಿರುವ ಅಮಾನತಿನ ಪತ್ರಗಳೂ ದಾಖಲೆಯಲ್ಲಿರುವ ವಿಳಾಸಕ್ಕೇ ಹೋಗುತ್ತವೆ.

ಮೊತ್ತ ನೋಡಿ ಗಾಬರಿಯಾಗುವುದು ಸಹಜ. ಸ್ಟಾಪ್ ಫಲಕದ ತಪ್ಪಿಗೆ ಮೂಲ ದಂಡ 35 ಡಾಲರ್ ಮಾತ್ರ. ಅದರ ಮೇಲೆ ರಾಜ್ಯ ಮತ್ತು ಕೌಂಟಿಯ ಹೆಚ್ಚುವರಿ ಶುಲ್ಕಗಳು ಸೇರಿ ಅದು 200 ಡಾಲರ್ ದಾಟುತ್ತದೆ. ವರಮಾನ ಕಡಿಮೆಯಿರುವವರು, ವಿಶೇಷವಾಗಿ ಓದಲು ಬಂದ ವಿದ್ಯಾರ್ಥಿಗಳು, ನ್ಯಾಯಾಲಯಗಳ ಮೈಸೈಟೇಶನ್ಸ್ ಎಂಬ ಜಾಲತಾಣದ ಮೂಲಕ ದಂಡ ಇಳಿಸುವಂತೆ ಕೇಳಬಹುದು. ಇಳಿಯುವುದು ದಂಡ ಮಾತ್ರ, ಪಾಯಿಂಟಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು ಮೂರು: ಕಟ್ಟಿ ಪಾಯಿಂಟನ್ನು ಒಪ್ಪಿಕೊಳ್ಳುವುದು, ಕಟ್ಟಿ ಟ್ರಾಫಿಕ್ ಸ್ಕೂಲಿಗೆ ಹೋಗುವುದು, ಅಥವಾ ತಪ್ಪಿಲ್ಲವೆಂದು ವಾದಿಸುವುದು. ಮೊದಲನೆಯದರ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಟ್ರಾಫಿಕ್ ಸ್ಕೂಲ್

ಸಾಮಾನ್ಯ ಲೈಸೆನ್ಸಿನಲ್ಲಿ ಸ್ವಂತ ಕಾರು ಓಡಿಸುವವರಿಗೆ ರಾಜ್ಯ ಕೊಟ್ಟಿರುವ ದೊಡ್ಡ ಸೌಲಭ್ಯ ಇದು. ಒಂದು ಪಾಯಿಂಟಿನ ತಪ್ಪಾಗಿದ್ದು, ಕಳೆದ 18 ತಿಂಗಳಲ್ಲಿ ಇದೇ ಸೌಲಭ್ಯವನ್ನು ಬಳಸಿರದಿದ್ದರೆ, ಡಿಎಂವಿ ಮಾನ್ಯತೆ ಪಡೆದ ಶಾಲೆಯಲ್ಲಿ ಪಾಠ ಮುಗಿಸಿ ಆ ನಿರ್ಣಯವನ್ನು ಗೋಪ್ಯವಾಗಿಡಿಸಿಕೊಳ್ಳಬಹುದು. ಪಾಠ ಬಹುತೇಕ ಆನ್‌ಲೈನಿನಲ್ಲೇ ನಡೆಯುತ್ತದೆ. ಗೋಪ್ಯವೆಂದರೆ ಅಳಿಸಿಹೋಗುತ್ತದೆ ಎಂದಲ್ಲ. ನ್ಯಾಯಾಲಯಕ್ಕೂ ಡಿಎಂವಿಗೂ ಅದು ಕಾಣುತ್ತಲೇ ಇರುತ್ತದೆ, ಆದರೆ ಪಾಯಿಂಟ್ ಬೀಳುವುದಿಲ್ಲ, ವಿಮಾ ಕಂಪನಿಗೆ ಅದು ಕಾಣುವುದಿಲ್ಲ.

ಇಲ್ಲಿ ಎಲ್ಲರೂ ತಪ್ಪುವುದು 18 ತಿಂಗಳ ಲೆಕ್ಕದಲ್ಲಿ. ಅದನ್ನು ಹಿಂದಿನ ತಪ್ಪು ನಡೆದ ದಿನದಿಂದ ಈಗಿನ ತಪ್ಪು ನಡೆದ ದಿನದವರೆಗೆ ಎಣಿಸುತ್ತಾರೆಯೇ ಹೊರತು, ಶಾಲೆಯ ಪಾಠ ಮುಗಿದ ದಿನದಿಂದ ಅಲ್ಲ. ಕಳೆದ ವರ್ಷದ ಮಾರ್ಚಿನಲ್ಲಿ ಟಿಕೆಟ್ ಬಂದು, ಆಗಸ್ಟಿನಲ್ಲಿ ಪಾಠ ಮುಗಿಸಿದವರಿಗೆ ಈ ವರ್ಷದ ಅಕ್ಟೋಬರಿನ ತಪ್ಪಿಗೆ ಮತ್ತೆ ಅರ್ಹತೆ ಇರುತ್ತದೆ. ಇದು ಗೊತ್ತಿಲ್ಲದೆ ತಾವೇ ಅನರ್ಹರೆಂದುಕೊಂಡು ಪಾಯಿಂಟ್ ಹೊತ್ತವರಿದ್ದಾರೆ.

ವೇಗಮಿತಿಯನ್ನು ಗಂಟೆಗೆ 25 ಮೈಲಿಗಿಂತ ಹೆಚ್ಚು ಮೀರಿದ್ದರೆ ಕಚೇರಿಯ ಗುಮಾಸ್ತರು ಟ್ರಾಫಿಕ್ ಸ್ಕೂಲಿಗೆ ಅನುಮತಿ ಕೊಡುವಂತಿಲ್ಲ. ನ್ಯಾಯಾಧೀಶರ ಮುಂದೆ ಹೋಗಿ ಕೇಳಿಕೊಳ್ಳಬೇಕು, ಕೊಡುವುದು ಬಿಡುವುದು ಅವರ ವಿವೇಚನೆ. ಮದ್ಯ ಅಥವಾ ಮಾದಕ ವಸ್ತುವಿಗೆ ಸಂಬಂಧಿಸಿದ ತಪ್ಪುಗಳಿಗೂ ಎರಡು ಪಾಯಿಂಟಿನ ಅಪರಾಧಗಳಿಗೂ ಈ ಬಾಗಿಲು ತೆರೆದಿಲ್ಲ. ಲಾರಿ, ಬಸ್ಸಿನಂಥ ವಾಣಿಜ್ಯ ವಾಹನಗಳ ಚಾಲಕರಿಗೆ ಪ್ರತ್ಯೇಕವಾದ, ಬಹಳ ಕಠಿಣವಾದ ನಿಯಮಗಳಿವೆ. ಈ ಬರಹ ಅವರಿಗಲ್ಲ.

ಖರ್ಚು ಹೆಚ್ಚೇ. ಪೂರ್ತಿ ದಂಡ, ಅದರ ಮೇಲೆ ನ್ಯಾಯಾಲಯದ ಆಡಳಿತ ಶುಲ್ಕ, ಮತ್ತೆ ಶಾಲೆಯ ಶುಲ್ಕ. ಹಾಗಿದ್ದರೂ, ತಪ್ಪು ನಿಜವಾಗಿ ನಡೆದಿದ್ದರೆ ಇದನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಸ್ಪಷ್ಟ ಸಲಹೆ. ಕಾರಣವನ್ನು ವಿಮೆಯ ಭಾಗದಲ್ಲಿ ಹೇಳುತ್ತೇನೆ. ಹಣ ಕಟ್ಟುವ ಪುಟದಲ್ಲಿ ಟ್ರಾಫಿಕ್ ಸ್ಕೂಲ್ ಎಂಬ ಆಯ್ಕೆಯನ್ನು ಗುರುತು ಮಾಡಿದ ನಂತರವೇ ಹಣ ಕಟ್ಟಿ. ನ್ಯಾಯಾಲಯ ಕೊಟ್ಟ ಗಡುವಿನೊಳಗೆ ಪಾಠ ಮುಗಿಸಿ. ಮುಗಿಸಿದ ಮಾಹಿತಿಯನ್ನು ಶಾಲೆಯೇ ಕಳುಹಿಸುತ್ತದೆಯಾದರೂ, ಅದು ತಲುಪಿತೇ ಎಂಬುದನ್ನು ಎರಡು ವಾರಗಳ ನಂತರ ನ್ಯಾಯಾಲಯದ ಜಾಲತಾಣದಲ್ಲಿ ನೀವೇ ನೋಡಿ ಖಚಿತಪಡಿಸಿಕೊಳ್ಳಿ. ಗಡುವು ತಪ್ಪಿದರೆ ಶುಲ್ಕವೂ ಹೋಯಿತು, ಪಾಯಿಂಟೂ ಬಂತು.

ತಪ್ಪಿಲ್ಲವೆಂದು ವಾದಿಸುವುದು

ಫಲಕ ಮರದ ಕೊಂಬೆಯ ಹಿಂದೆ ಮುಚ್ಚಿಹೋಗಿತ್ತು, ಅಧಿಕಾರಿ ನಿಂತಿದ್ದ ಜಾಗದಿಂದ ಗೆರೆ ಕಾಣುವಂತಿರಲಿಲ್ಲ, ಟಿಕೆಟಿನಲ್ಲಿ ಬರೆದದ್ದು ಬೇರೆ ರಸ್ತೆ: ಇಂಥ ನಿಜವಾದ ಕಾರಣಗಳಿದ್ದರೆ ಹಿಂಜರಿಯಬೇಡಿ. ವಕೀಲರಿಲ್ಲದೆಯೂ ನೀವೇ ವಾದಿಸಬಹುದು. ಸಣ್ಣ ತಪ್ಪಾದರೂ ಅದನ್ನು ಸಂಶಯಕ್ಕೆಡೆಯಿಲ್ಲದಂತೆ ಸಾಬೀತು ಮಾಡುವ ಹೊಣೆ ಎದುರು ಪಕ್ಷದ್ದೇ.

ಕೆಲಸದ ದಿನ ನ್ಯಾಯಾಲಯಕ್ಕೆ ಹೋಗಲಾಗದವರಿಗೆ ಲಿಖಿತ ಹೇಳಿಕೆಯ ವಿಚಾರಣೆ ಎಂಬ ವ್ಯವಸ್ಥೆ ಕ್ಯಾಲಿಫೋರ್ನಿಯಾದಲ್ಲಿದೆ. ಟಿಆರ್-205 ಎಂಬ ನಮೂನೆಯಲ್ಲಿ ನಡೆದದ್ದನ್ನು ಬರೆದು, ಛಾಯಾಚಿತ್ರ, ನಕ್ಷೆಗಳನ್ನು ಸೇರಿಸಿ, ದಂಡದ ಪೂರ್ತಿ ಮೊತ್ತವನ್ನು ಠೇವಣಿಯಾಗಿ ಇಟ್ಟು ಕಳುಹಿಸಬೇಕು. ಅಧಿಕಾರಿಯೂ ತಮ್ಮ ಹೇಳಿಕೆಯನ್ನು ಬರೆದು ಕಳುಹಿಸುತ್ತಾರೆ, ನ್ಯಾಯಾಧೀಶರು ಎರಡನ್ನೂ ಓದಿ ತೀರ್ಪು ಕೊಡುತ್ತಾರೆ. ಗೆದ್ದರೆ ಠೇವಣಿ ಹಿಂದಿರುಗುತ್ತದೆ. ಸೋತರೂ ದಾರಿ ಮುಚ್ಚುವುದಿಲ್ಲ: ತೀರ್ಪು ಅಂಚೆಗೆ ಬಿದ್ದ 20 ದಿನಗಳೊಳಗೆ ಟಿಆರ್-220 ನಮೂನೆ ಸಲ್ಲಿಸಿದರೆ ಮೊದಲಿನಿಂದ ಹೊಸ ವಿಚಾರಣೆ ನಡೆಯುತ್ತದೆ, ಆಗ ನೀವೂ ಅಧಿಕಾರಿಯೂ ಖುದ್ದಾಗಿ ಹಾಜರಿರಬೇಕು. ಸೋತ ಮೇಲೆ ಟ್ರಾಫಿಕ್ ಸ್ಕೂಲ್ ಕೊಡಿ ಎಂದು ಕೇಳಬಹುದು, ಆದರೆ ಅದು ಆಗ ನ್ಯಾಯಾಧೀಶರ ಮರ್ಜಿಗೆ ಬಿಟ್ಟದ್ದು. ದುರ್ಬಲವಾದ ವಾದಕ್ಕಾಗಿ ಖಚಿತವಾಗಿ ಸಿಗುವ ಶಾಲೆಯನ್ನು ಪಣಕ್ಕಿಡಬಾರದು.

ವಾಯಿದೆ ಹಾಕಿಸುತ್ತಾ ಹೋದರೆ ಹಳೆಯ ಪಾಯಿಂಟುಗಳು ಕಳೆದುಹೋಗಿ ಲೆಕ್ಕ ಹಗುರಾಗುತ್ತದೆ ಎಂದು ಹಲವರು ನಂಬಿದ್ದಾರೆ. ಅಮಾನತಿನ ಲೆಕ್ಕದಲ್ಲಿ ಪಾಯಿಂಟುಗಳನ್ನು ತಪ್ಪು ನಡೆದ ದಿನದ ಮೇಲೆ ಎಣಿಸುತ್ತಾರೆ, ತೀರ್ಪಿನ ದಿನದ ಮೇಲಲ್ಲ.

ಪಾಯಿಂಟುಗಳು ಕೂಡಿಬಂದಾಗ

12 ತಿಂಗಳಲ್ಲಿ 4, ಅಥವಾ 24 ತಿಂಗಳಲ್ಲಿ 6, ಅಥವಾ 36 ತಿಂಗಳಲ್ಲಿ 8 ಪಾಯಿಂಟ್ ಸೇರಿದರೆ ಕಾನೂನು ನಿಮ್ಮನ್ನು ನಿರ್ಲಕ್ಷ್ಯದ ಚಾಲಕ ಎಂದು ಭಾವಿಸುತ್ತದೆ. ಅಲ್ಲಿಗೆ ತಲುಪುವ ಮೊದಲು ಡಿಎಂವಿ ಎರಡು ಬಾರಿ ಎಚ್ಚರಿಸುತ್ತದೆ. ಈ ಮಿತಿಗಳಿಗೆ ಎರಡು ಪಾಯಿಂಟ್ ಕಡಿಮೆಯಿರುವಾಗ, ಅಂದರೆ ವರ್ಷದೊಳಗೆ 2 ಬಿದ್ದಾಗ, ಎಚ್ಚರಿಕೆಯ ಪತ್ರ ಬರುತ್ತದೆ. ಒಂದು ಕಡಿಮೆಯಿರುವಾಗ ಅಮಾನತು ಮಾಡುವ ಉದ್ದೇಶವನ್ನು ತಿಳಿಸುವ ಪತ್ರ. ಮಿತಿ ಮುಟ್ಟಿದಾಗ ಆದೇಶವೇ ಬರುತ್ತದೆ: ಒಂದು ವರ್ಷದ ನಿಗಾ ಅವಧಿ, ಅದರೊಳಗೆ 6 ತಿಂಗಳ ಅಮಾನತು, ಪತ್ರ ಅಂಚೆಗೆ ಬಿದ್ದ 34 ದಿನಗಳಲ್ಲಿ ಜಾರಿ.

ವರ್ಷಕ್ಕೆ 4 ಎಂದರೆ ದೂರದ ಮಾತೆನಿಸುತ್ತದೆ. ಜನವರಿಯಲ್ಲಿ ಹೆದ್ದಾರಿಯ ವೇಗಕ್ಕೆ ಒಂದು, ಮೇ ತಿಂಗಳಲ್ಲಿ ಕೆಂಪು ದೀಪಕ್ಕೆ ಒಂದು, ಸೆಪ್ಟೆಂಬರಿನಲ್ಲಿ ಮುಂದಿನ ಕಾರಿಗೆ ಗುದ್ದಿದ್ದಕ್ಕೆ ಒಂದು, ನವೆಂಬರಿನಲ್ಲಿ ಲೇನ್ ಬದಲಿಸಿದ್ದಕ್ಕೆ ಒಂದು. ದಿನಕ್ಕೆರಡು ಗಂಟೆ ರಸ್ತೆಯಲ್ಲಿರುವವರಿಗೆ ಇದು ಅಸಾಧ್ಯವಲ್ಲ. ಅದರಲ್ಲೂ 100 ಮೈಲಿ ದಾಟಿದ ಒಂದೇ ಟಿಕೆಟ್ ಎರಡು ಪಾಯಿಂಟಿನೊಂದಿಗೆ ನಿಮ್ಮನ್ನು ನೇರವಾಗಿ ಎಚ್ಚರಿಕೆಯ ಪತ್ರದ ಹಂತಕ್ಕೆ ಒಯ್ಯುತ್ತದೆ.

ಅಮಾನತಿನ ಆದೇಶ ಬಂದರೆ ಅದನ್ನು ಬದಿಗಿಡಬೇಡಿ. ಆದೇಶ ಕೈಸೇರಿದ 10 ದಿನಗಳೊಳಗೆ, ಅಂದರೆ ಅಂಚೆಗೆ ಬಿದ್ದ 14 ದಿನಗಳೊಳಗೆ, ಡಿಎಂವಿಯ ಚಾಲಕ ಸುರಕ್ಷತಾ ಕಚೇರಿಯಲ್ಲಿ ವಿಚಾರಣೆ ಕೇಳುವ ಹಕ್ಕು ನಿಮಗಿದೆ. ವರ್ಷಕ್ಕೆ ಎಷ್ಟು ಮೈಲಿ ಓಡಿಸುತ್ತೀರಿ, ಉದ್ಯೋಗಕ್ಕೆ ಕಾರು ಎಷ್ಟು ಅಗತ್ಯ, ಆ ಟಿಕೆಟುಗಳ ನಂತರ ನಿಮ್ಮ ಚಾಲನೆಯಲ್ಲಿ ಏನು ಬದಲಾಗಿದೆ ಎಂಬುದಕ್ಕೆ ದಾಖಲೆಗಳನ್ನು ಒಯ್ಯಿರಿ. ಅಮಾನತಾದ ಲೈಸೆನ್ಸಿನಲ್ಲಿ ಮಗುವನ್ನು ಶಾಲೆಗೆ ಬಿಡುವಷ್ಟು ದೂರ ಕೂಡ ಓಡಿಸಬೇಡಿ. ಸಿಕ್ಕಿಬಿದ್ದರೆ ಮತ್ತೆರಡು ಪಾಯಿಂಟ್ ಬೀಳುತ್ತದೆ, ಅದು ಬರಿಯ ಟಿಕೆಟಿನ ತಪ್ಪಲ್ಲ, ಕ್ರಿಮಿನಲ್ ಅಪರಾಧ.

ಅಪಘಾತದ ವಿಷಯದಲ್ಲಿ ಒಂದು ಕರ್ತವ್ಯವನ್ನು ನಮ್ಮವರು ಮರೆಯುತ್ತಾರೆ. ಯಾರಿಗಾದರೂ ಗಾಯವಾಗಿದ್ದರೆ, ಸಾವು ಸಂಭವಿಸಿದ್ದರೆ ಅಥವಾ ಯಾರದೇ ಆಸ್ತಿಗೆ 1000 ಡಾಲರಿಗಿಂತ ಹೆಚ್ಚು ಹಾನಿಯಾಗಿದ್ದರೆ, ತಪ್ಪು ಯಾರದೇ ಇರಲಿ, 10 ದಿನಗಳೊಳಗೆ ಎಸ್‌ಆರ್-1 ಎಂಬ ವರದಿಯನ್ನು ಡಿಎಂವಿಗೆ ಸಲ್ಲಿಸಬೇಕು. ಪೊಲೀಸರು ಬಂದು ಬರೆದುಕೊಂಡು ಹೋಗಿದ್ದರೂ ಇದು ಬೇರೆಯೇ. ಸಲ್ಲಿಸದಿದ್ದರೆ ಅದೊಂದೇ ಕಾರಣಕ್ಕೆ ಲೈಸೆನ್ಸ್ ಅಮಾನತಾಗಬಹುದು.

ವಿಮೆ

ಹೆಚ್ಚಿನವರಿಗೆ ನಿಜವಾದ ಪೆಟ್ಟು ಬೀಳುವುದು ಇಲ್ಲಿ. 1988ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಒಪ್ಪಿದ ಪ್ರಪೊಸಿಶನ್ 103 ಎಂಬ ಕಾನೂನಿನ ಪ್ರಕಾರ, ಕಾರಿನ ವಿಮೆಯ ದರವನ್ನು ನಿರ್ಧರಿಸುವಾಗ ಮೊದಲ ಸ್ಥಾನ ಚಾಲನಾ ದಾಖಲೆಗೆ. ವರ್ಷಕ್ಕೆ ಓಡಿಸುವ ಮೈಲಿಗಳು ಮತ್ತು ಚಾಲನೆಯ ಅನುಭವದ ವರ್ಷಗಳು ಅದರ ನಂತರ. ಉತ್ತಮ ಚಾಲಕ ಎಂಬ ಅರ್ಹತೆಯುಳ್ಳವರಿಗೆ ಕನಿಷ್ಠ ಶೇಕಡಾ 20ರ ರಿಯಾಯಿತಿ ಕೊಡಲೇಬೇಕು. ಆ ಅರ್ಹತೆಗೆ ಮೂರು ವರ್ಷಗಳಿಂದ ಲೈಸೆನ್ಸ್ ಇರಬೇಕು ಮತ್ತು ಆ ಮೂರು ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಪಾಯಿಂಟ್ ಇರಬಾರದು.

ಇದರ ಅರ್ಥವನ್ನು ಬಿಡಿಸಿ ನೋಡಬೇಕು. ಒಂದು ಪಾಯಿಂಟಿನಿಂದ ರಿಯಾಯಿತಿ ಹೋಗುವುದಿಲ್ಲ, ಆದರೆ ದಾಖಲೆಯೇ ಮೊದಲ ಅಳತೆಯಾದ್ದರಿಂದ ಮೂಲ ದರ ಏರಬಹುದು. ಎರಡನೆಯ ಪಾಯಿಂಟಿಗೆ ರಿಯಾಯಿತಿಯೂ ಹೋಗುತ್ತದೆ, ಮೊದಲ ಪಾಯಿಂಟ್ ಮೂರು ವರ್ಷ ಹಳೆಯದಾಗುವವರೆಗೆ ಪ್ರತಿ ಕಂತಿನಲ್ಲೂ ಹೆಚ್ಚು ಕಟ್ಟಬೇಕು. ನೀವು ಈಗ ರಿಯಾಯಿತಿ ಕಳೆದು ಕಟ್ಟುತ್ತಿರುವ ವಾರ್ಷಿಕ ಕಂತಿನ ನಾಲ್ಕರಲ್ಲಿ ಒಂದು ಪಾಲನ್ನು ಮೂರರಿಂದ ಗುಣಿಸಿ, ಟ್ರಾಫಿಕ್ ಸ್ಕೂಲಿನ ಖರ್ಚಿನ ಪಕ್ಕದಲ್ಲಿಟ್ಟು ನೋಡಿ. ಮೊದಲ ಪಾಯಿಂಟನ್ನೇ ತಡೆಯಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ: ಮುಂದೊಂದು ದಿನ ಅನಿರೀಕ್ಷಿತವಾಗಿ ಬೀಳುವ ಪಾಯಿಂಟಿಗೆ ಆಗ ಜಾಗ ಉಳಿದಿರುತ್ತದೆ.

ಮಕ್ಕಳು, ಅತಿಥಿಗಳು, ಮತ್ತು ಕುಡಿತ

ಹದಿನೆಂಟು ತುಂಬದ ಮಕ್ಕಳಿಗೆ ಮಿತಿಗಳು ಇನ್ನೂ ಕಿರಿದಾಗಿವೆ. 12 ತಿಂಗಳಲ್ಲಿ 2 ಪಾಯಿಂಟ್ ಬಿದ್ದರೆ, 25 ವರ್ಷ ದಾಟಿದ ಲೈಸೆನ್ಸುಳ್ಳವರು ಜೊತೆಗಿಲ್ಲದೆ 30 ದಿನ ವಾಹನ ಓಡಿಸುವಂತಿಲ್ಲ. 3 ಬಿದ್ದರೆ 6 ತಿಂಗಳ ಅಮಾನತು. ಊರಿನಿಂದ ಬಂದ ಅಪ್ಪ ಅಮ್ಮನೋ ತಮ್ಮನೋ ಭಾರತದ ಲೈಸೆನ್ಸಿನಲ್ಲಿ ನಿಮ್ಮ ಕಾರು ಓಡಿಸುವಾಗ ಟಿಕೆಟ್ ಬಂದರೆ, ಇಲ್ಲಿಯ ಲೈಸೆನ್ಸ್ ಇಲ್ಲವೆಂದು ಅದು ಬಿಟ್ಟುಹೋಗುವುದಿಲ್ಲ. ಡಿಎಂವಿ ಅವರ ಹೆಸರಿನಲ್ಲಿ ಹೊಸದೊಂದು ದಾಖಲೆಯನ್ನು ತೆರೆಯುತ್ತದೆ. ಅವರು ಹಿಂದಿರುಗುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ನೀವು ಬೇರೆ ರಾಜ್ಯಕ್ಕೆ ಪ್ರವಾಸ ಹೋದಾಗ ಬಂದ ಟಿಕೆಟೂ ರಾಜ್ಯಗಳ ನಡುವಿನ ಒಪ್ಪಂದದ ಮೂಲಕ ಮನೆಗೆ ಬಂದು ಸೇರುತ್ತದೆ.

ಕುಡಿದು ಚಲಾಯಿಸುವುದನ್ನು ಪಾಯಿಂಟಿನ ಲೆಕ್ಕದಲ್ಲಿ ಮಾತ್ರ ನೋಡುವುದು ಅಪಾಯಕರ. ಅದು ದಾಖಲೆಯಲ್ಲಿ 10 ವರ್ಷ ಉಳಿಯುತ್ತದೆ. ಬಂಧನವಾದ ಕೂಡಲೇ ಅಧಿಕಾರಿ ಲೈಸೆನ್ಸ್ ಪಡೆದುಕೊಂಡು 30 ದಿನಗಳ ತಾತ್ಕಾಲಿಕ ಕಾಗದ ಕೊಡುತ್ತಾರೆ, ಅಮಾನತನ್ನು ಪ್ರಶ್ನಿಸುವುದಿದ್ದರೆ 10 ದಿನಗಳೊಳಗೆ ಡಿಎಂವಿಯಲ್ಲಿ ವಿಚಾರಣೆ ಕೇಳಬೇಕು, ನ್ಯಾಯಾಲಯದ ಮೊಕದ್ದಮೆ ಬೇರೆಯೇ ನಡೆಯುತ್ತದೆ. ವೀಸಾದ ಮೇಲಿರುವವರಿಗೆ ಇನ್ನೂ ಒಂದಿದೆ: 2015ರಿಂದ, ಶಿಕ್ಷೆಯಾಗದಿದ್ದರೂ ಬಂಧನವಾದದ್ದೇ ಆಧಾರವಾಗಿ ವೀಸಾ ರದ್ದುಪಡಿಸುವ ಕ್ರಮವನ್ನು ಅಮೆರಿಕದ ವಿದೇಶಾಂಗ ಇಲಾಖೆ ಅನುಸರಿಸುತ್ತಿದೆ. ಆಗ ಇಲ್ಲಿರುವ ಅನುಮತಿ ತಾನಾಗಿ ಮುಗಿಯದಿದ್ದರೂ, ಊರಿಗೆ ಹೋದವರು ಹೊಸ ವೀಸಾ ಸಿಗದೆ ಹಿಂದಿರುಗಲಾಗುವುದಿಲ್ಲ. ಇಂಥ ಸಂದರ್ಭದಲ್ಲಿ ಕ್ರಿಮಿನಲ್ ವಕೀಲರ ಜೊತೆಗೆ ವಲಸೆ ವಕೀಲರನ್ನೂ ಅದೇ ವಾರ ಕಾಣಬೇಕು.

ದಾಖಲೆಯನ್ನು ನೀವೇ ನೋಡಿ

ಡಿಎಂವಿಯ ಜಾಲತಾಣದಲ್ಲಿ ಖಾತೆ ತೆರೆದು 2 ಡಾಲರ್ ಕೊಟ್ಟರೆ ನಿಮ್ಮ ಚಾಲನಾ ದಾಖಲೆ ತಕ್ಷಣ ತೆರೆಯುತ್ತದೆ. ವರ್ಷಕ್ಕೊಮ್ಮೆ, ವಿಮೆಯ ನವೀಕರಣಕ್ಕೆ ಒಂದು ತಿಂಗಳ ಮುಂಚೆ ನೋಡುವುದು ಒಳ್ಳೆಯ ಅಭ್ಯಾಸ. ಟ್ರಾಫಿಕ್ ಸ್ಕೂಲ್ ಮುಗಿಸಿದ ತಪ್ಪಿಗೆ ಪಾಯಿಂಟ್ ಬಿದ್ದಿದೆಯೇ, ವಜಾ ಆದ ಟಿಕೆಟ್ ಇನ್ನೂ ಇದೆಯೇ ಎಂದು ಸಾಲು ಸಾಲಾಗಿ ಪರೀಕ್ಷಿಸಿ. ಸಾಮಾನ್ಯ ಒಂದು ಪಾಯಿಂಟಿನ ತಪ್ಪುಗಳು 36 ತಿಂಗಳು ಕಾಣುತ್ತವೆ. ನಿರ್ಣಯದ ವಿವರದಲ್ಲೇ ತಪ್ಪಿದ್ದರೆ ಡಿಎಂವಿ ಅದನ್ನು ತಾನಾಗಿ ತಿದ್ದುವುದಿಲ್ಲ. ಅದನ್ನು ಕಳುಹಿಸಿದ ನ್ಯಾಯಾಲಯಕ್ಕೆ ರಸೀದಿ ಮತ್ತು ಶಾಲೆಯ ಪ್ರಮಾಣಪತ್ರದೊಂದಿಗೆ ಬರೆದು, ತಿದ್ದಿದ ವರದಿಯನ್ನು ಡಿಎಂವಿಗೆ ಕಳುಹಿಸುವಂತೆ ಕೇಳಬೇಕು. ದಾಖಲೆ ಸರಿಯಾದ ಮೇಲೆ ಅದರ ಹೊಸ ಪ್ರತಿಯನ್ನು ವಿಮಾ ಕಂಪನಿಗೆ ಕಳುಹಿಸಿ, ದರವನ್ನು ಮತ್ತೆ ಲೆಕ್ಕ ಹಾಕುವಂತೆ ಬರವಣಿಗೆಯಲ್ಲೇ ಕೇಳಿ.